ಮೊದಲ ಓದುಗ

ಆ ವಿಶ್ವವಿದ್ಯಾಲಯದಲ್ಲಿ ಯಾವುದರ ಮೇಲೆ ಸಂಶೋಧನೆ ನಡೆಯುತ್ತಿದೆ ಎಂದು ಕೇಳುವುದಕ್ಕಿಂತ ಯಾವುದರ ಮೇಲೆ ನಡೆಯುತ್ತಿಲ್ಲ ಎಂದು ಕೇಳುವುದು ಲೇಸು. ಉತ್ತರ ಬೇಗ ಮುಗಿಯುತ್ತದೆ. ನೆಲಮಾಳಿಗೆಯಲ್ಲಿ ಒಬ್ಬರು ಜೇನುನೊಣಗಳ ನಿದ್ದೆ ಕೆಡಿಸಿ, ಮರುದಿನ ಅವು ದಾರಿ ತಪ್ಪುತ್ತವೆಯೇ ಎಂದು ನೋಡುತ್ತಿದ್ದರು. ಅದರ ಮೇಲಿನ ಅಂತಸ್ತಿನಲ್ಲಿ ಇನ್ನೊಬ್ಬರು ಹಗ್ಗದ ಗಂಟುಗಳ ಗಣಿತ ಬಿಡಿಸುತ್ತಿದ್ದರು. ಅವರ ಬೂಟಿನ ದಾರ ಮಾತ್ರ ಸದಾ ಬಿಚ್ಚಿಕೊಂಡಿರುತ್ತಿತ್ತು. ಒಂದು ಕೋಣೆಯಲ್ಲಿ ಸುಳ್ಳು ಸಾಕ್ಷಿ ಹೇಳಿದವರ ಚರಿತ್ರೆ, ಪಕ್ಕದ ಕೋಣೆಯಲ್ಲಿ ಬಾವಿ ನೀರಿನ ಉಪ್ಪು, ಎದುರು ಕೋಣೆಯಲ್ಲಿ ಜನ ಲಿಫ್ಟಿನೊಳಗೆ ಹೋದ ತಕ್ಷಣ ಯಾಕೆ ಮಾತು ನಿಲ್ಲಿಸುತ್ತಾರೆ ಎಂಬ ಪ್ರಶ್ನೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಅದು ದಂಡದ ಕೆಲಸ ಎಂಬುದು ಮಾತ್ರ ಎಲ್ಲರಿಗೂ ಖಚಿತವಾಗಿ ತಿಳಿದಿತ್ತು.

ಇಂಥ ಖಚಿತ ಜ್ಞಾನಿಗಳ ಪೈಕಿ ಬಣ್ಣದ ಮೇಷ್ಟ್ರು ಒಬ್ಬರು. ಹೆಸರು ಕೇಳಿ ಚಿತ್ರ ಬರೆಯುವವರು ಎಂದುಕೊಳ್ಳಬೇಡಿ. ಗಾಜಿನ ಬಿಲ್ಲೆಯ ಮೇಲೆ ತೆಳ್ಳಗೆ ಬಣ್ಣ ಬಳಿದು, ಅದು ಒಣಗುವಾಗ ಬಿರುಕು ಎಲ್ಲಿ ಹುಟ್ಟುತ್ತದೆ, ಹುಟ್ಟಿದ್ದು ಯಾವ ಕಡೆ ಓಡುತ್ತದೆ ಎಂದು ನೋಡುವುದು ಅವರ ವೃತ್ತಿ. ಅಂದರೆ ಬಣ್ಣ ಒಣಗುವುದನ್ನು ನೋಡಿಕೊಂಡು ಕೂರುವುದಕ್ಕೆ ಅವರಿಗೆ ಸಂಬಳ ಬರುತ್ತಿತ್ತು. ಅವರ ಮನೆಯಲ್ಲೇ ಇದ್ದ ಮಾವ, ನಿವೃತ್ತ ಲೆಕ್ಕದ ಮಾಸ್ತರು, ಅಳಿಯ ಸಂಜೆ ಚಪ್ಪಲಿ ಬಿಡುತ್ತಿದ್ದಂತೆ "ಒಣಗಿತಾ?" ಎಂದು ಕೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಮೇಷ್ಟ್ರಿಗೆ ಅದರಿಂದ ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಒಣಗಿತು.

ತಮ್ಮ ಕೆಲಸಕ್ಕೆ ಯಾರಾದರೂ ನಕ್ಕರೆ ಮೈ ಉರಿದುಕೊಳ್ಳುತ್ತಿದ್ದ ಇದೇ ಮೇಷ್ಟ್ರು ಬೇರೆಯವರ ಕೆಲಸಕ್ಕೆ ಮಾತ್ರ ನಗದೆ ಬಿಡುತ್ತಿರಲಿಲ್ಲ. ಬೆಳಗ್ಗೆ ಪೇಪರಿನಲ್ಲಿ ಯಾವುದೋ ದೇಶದ ಯಾವುದೋ ವಿದ್ವಾಂಸನ ಸುದ್ದಿ ಕಂಡರೆ, "ಬೆಟ್ಟ ಅಗೆದ್ರು, ಇಲಿ ಹಿಡಿದ್ರು" ಎಂದು ಗಾದೆ ಹೇಳಿ ಪುಟ ಮಗುಚುತ್ತಿದ್ದರು. ಎದುರಿಗೆ ಕೂತ ಹೆಂಡತಿ ಆ ಗಾದೆಯನ್ನು ಸಾವಿರ ಸಲ ಕೇಳಿದ್ದಳು. ಅವಳು ಅದೇ ವಿಶ್ವವಿದ್ಯಾಲಯದ ಇನ್ನೊಂದು ಕಟ್ಟಡದಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕಿ. ಇಬ್ಬರೂ ಬೆಳಗ್ಗೆ ಒಟ್ಟಿಗೆ ಹೊರಟು ಗೇಟಿನಲ್ಲಿ ಬೇರೆಯಾಗುತ್ತಿದ್ದರು.

ಮೇಷ್ಟ್ರನ್ನು ಆ ವರ್ಷ ಬಿಡುವಿನ ಸಮಿತಿಗೆ ಹಾಕಿದರು. ಇಡೀ ವಿಶ್ವವಿದ್ಯಾಲಯದಲ್ಲಿ ಒಬ್ಬರಿಗೆ ಪಾಠ, ಪರೀಕ್ಷೆ, ಮೀಟಿಂಗು ಎಲ್ಲದರಿಂದ ಒಂದು ವರ್ಷ ಬಿಡುಗಡೆ ಕೊಟ್ಟು ತಮ್ಮ ಸಂಶೋಧನೆ ಮುಗಿಸಿಕೊಳ್ಳಿ ಎಂದು ಕಳಿಸುವ ಪದ್ಧತಿ ಅಲ್ಲಿತ್ತು. ಅದಕ್ಕೆ ಬರುವ ಅರ್ಜಿಗಳನ್ನು ಓದಿ ಆರಿಸುವುದು ಈ ಸಮಿತಿ. ಹಿಂದೆ ಗೆಳೆಯರು ಗೆಳೆಯರಿಗೇ ಹಂಚಿಕೊಂಡು ರಂಪವಾಗಿತ್ತಂತೆ. ಹಾಗಾಗಿ ಯಾರೋ ಬುದ್ಧಿವಂತರು ಎರಡು ಕಟ್ಟಳೆ ಮಾಡಿಟ್ಟಿದ್ದರು. ಅರ್ಜಿಯ ಮೇಲೆ ಹೆಸರಿರಕೂಡದು. ಮತ್ತು ಪ್ರತಿ ಅರ್ಜಿಯ ಮೊದಲ ಓದುಗ ಆ ವಿಷಯಕ್ಕೆ ಸಂಬಂಧವೇ ಇಲ್ಲದವನಾಗಿರಬೇಕು. ಕಾವ್ಯದ ಅರ್ಜಿ ಕೀಟಶಾಸ್ತ್ರದವರಿಗೆ, ಕೀಟದ ಅರ್ಜಿ ಕಾನೂನಿನವರಿಗೆ, ಕಾನೂನಿನದು ಮಣ್ಣಿನವರಿಗೆ. ಉಳಿದವರು ಸಾರಾಂಶ ಮಾತ್ರ ಓದಿಕೊಂಡು ಬರುತ್ತಿದ್ದರು. ಆದ್ದರಿಂದ ಮೊದಲ ಓದುಗ ಬೇಡ ಅಂದರೆ ಆ ಅರ್ಜಿ ಅಲ್ಲಿಗೆ ಮುಗಿದಂತೆ.

ಸಮಿತಿಯ ಅಧ್ಯಕ್ಷೆ ಖಗೋಳ ವಿಭಾಗದ ಹಿರಿಯ ಹೆಂಗಸು. ನೆಲದ ಮೇಲಿನ ಯಾವ ವಿಷಯವೂ ಅವರಿಗೆ ಅವಸರದ್ದಾಗಿ ಕಾಣುತ್ತಿರಲಿಲ್ಲ. ಅರ್ಜಿಗಳನ್ನು ಹಂಚಿದ ದಿನ ಅವರು ಹೇಳಿದರು: "ಹೆಸರು ಮುಚ್ಚಿದೆ, ನಿಜ. ಆದ್ರೂ ಒಂದೇ ಕಾಂಪೌಂಡಿನಲ್ಲಿರೋರು ನಾವು, ವಾಸನೆ ಬಂದೇ ಬರುತ್ತೆ. ಗುರುತು ಸಿಕ್ರೆ ನುಂಗ್ಕೊಳ್ಳಿ. ಸಿಗಲಿಲ್ಲ ಅನ್ನೋ ಹಾಗೇ ಓದಿ, ಸಿಗಲಿಲ್ಲ ಅನ್ನೋ ಹಾಗೇ ಬರೀರಿ."

"ಮನೆಯವರದ್ದೇ ಆಗಿದ್ರೆ?" ಎಂದು ಕಾನೂನಿನ ಪ್ರೊಫೆಸರು ಕೊಕ್ಕೆ ಹಾಕಿದರು.

"ಮನೆಯವರದ್ದಾದ್ರೂ ಅಷ್ಟೇ. ನೀವು ಎದ್ದು ಹೊರಗೆ ಹೋದ್ರೆ ಅದು ಯಾರದ್ದು ಅಂತ ಡಂಗುರ ಹೊಡೆದ ಹಾಗಾಗುತ್ತೆ. ತೀರಾ ಕಷ್ಟ ಆದ್ರೆ, 'ಇದು ನನ್ನಿಂದಾಗಲ್ಲ, ಬೇರೆಯವರು ಓದಲಿ' ಅಂತ ನನ್ನ ಕಡೆ ತಳ್ಳಿ. ಯಾಕೆ ಅಂತ ನಾನು ಕೇಳಲ್ಲ."

ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ತಮ್ಮ ಮನೆಯಿಂದ ಅರ್ಜಿ ಬಂದಿರಬಹುದು ಎಂಬ ಯೋಚನೆ ಅವರ ತಲೆಗೆ ಬರಲಿಲ್ಲ. ಗಂಡ ಸಮಿತಿಯಲ್ಲಿದ್ದಾನೆಂದು ಗೊತ್ತಾದ ದಿನದಿಂದ ಹೆಂಡತಿ ತನ್ನ ಕೆಲಸದ ವಿಷಯ ಎತ್ತುವುದನ್ನೇ ಬಿಟ್ಟಿದ್ದಳು. ಅವಳ ಸ್ವಭಾವ ಅಂಥದ್ದು. ಕಟ್ಟಳೆ ಅಂದರೆ ಕಟ್ಟಳೆ. ಅವಳು ಬಾಯಿ ಬಿಡದೆ ಇದ್ದದ್ದನ್ನು ಮೇಷ್ಟ್ರು ಗಮನಿಸಲೂ ಇಲ್ಲ. ಬಾಯಿ ಬಿಟ್ಟಿದ್ದಾಗಲೂ ಅವರು ಗಮನಿಸುತ್ತಿರಲಿಲ್ಲವಾದ್ದರಿಂದ ಅದು ಹೊಸದೇನಲ್ಲ.

ಅವರ ಪಾಲಿಗೆ ಬಂದ ಅರ್ಜಿಗಳಲ್ಲಿ ಒಂದರ ತಲೆಬರಹ ಹೀಗಿತ್ತು: 'ಮನುಷ್ಯೇತರ ಕೇಳುಗರನ್ನು ಉದ್ದೇಶಿಸಿದ ಉಚ್ಚಾರಗಳು: ವ್ಯಾಪ್ತಿ ಮತ್ತು ವಾರಸುದಾರಿಕೆ'. ಮೇಷ್ಟ್ರು ಅದನ್ನು ಲ್ಯಾಬಿನಲ್ಲಿ, ಒಂದು ಬಿಲ್ಲೆ ಒಣಗಲೆಂದು ಕಾಯುತ್ತಾ ಕೈಗೆತ್ತಿಕೊಂಡರು. ಮೊದಲ ಪುಟವನ್ನು ಶ್ರದ್ಧೆಯಿಂದ ಓದಿದರು. ಎರಡನೆಯ ಪುಟದಲ್ಲಿ ಕೋಳಿಯನ್ನು ಓಡಿಸುವ ಸದ್ದು, ಕುರಿಯನ್ನು ತಿರುಗಿಸುವ ಸದ್ದು, ಎತ್ತು ನಿಲ್ಲಿಸುವಾಗ ನಾಲಿಗೆ ಯಾವ ಹಲ್ಲಿಗೆ ತಾಗುತ್ತದೆ ಎಂಬ ವಿವರ ಕಂಡಿತು. ಅವರಿಗೆ ನಗು ಉಕ್ಕಿತು. ಮಿಕ್ಕ ಪುಟಗಳನ್ನು ಹೆಬ್ಬೆರಳಿನಲ್ಲಿ ಬರ್ರನೆ ಸರಿಸಿ ನೋಡಿದರು. ಅಷ್ಟರಲ್ಲಿ ಬಿಲ್ಲೆಯ ಅಂಚಿನಲ್ಲಿ ಬಿರುಕು ಹುಟ್ಟಿತು. ಅವರು ಆ ಕಡೆ ಹೋದರು. ಬಂದು ಕೂತು ಒಂದೇ ಉಸಿರಿಗೆ ಅಭಿಪ್ರಾಯ ಬರೆದರು.

'ಬೆಟ್ಟ ಅಗೆದು ಇಲಿ ಹಿಡಿದರು ಎಂಬ ಗಾದೆಯಿದೆ. ಇಲ್ಲಿ ಬೆಟ್ಟವನ್ನೂ ಅಗೆದಿಲ್ಲ, ಇಲಿಯೂ ಸಿಕ್ಕಿಲ್ಲ. ಇಲಿಯನ್ನು ಕರೆಯುವ ಸದ್ದು ಮಾತ್ರ ಸಿಕ್ಕಿದೆ. ಅದಕ್ಕೆ ಒಂದು ವರ್ಷದ ಬಿಡುವು ಬೇಕಿಲ್ಲ. ಒಂದು ಬೆಕ್ಕು ಸಾಕು.'

ಬರೆದದ್ದನ್ನು ಇನ್ನೊಮ್ಮೆ ಓದಿಕೊಂಡು ಸಂತೋಷಪಟ್ಟರು. ಇಷ್ಟು ಚೆನ್ನಾಗಿ ಬರೆದು ಬಹಳ ಕಾಲವಾಗಿತ್ತು.

ಸಭೆಯ ದಿನ ಆ ಸಾಲುಗಳನ್ನು ಅವರೇ ಓದಿ ಹೇಳಿದರು. ಕಾನೂನಿನ ಪ್ರೊಫೆಸರು ಮೇಜು ತಟ್ಟಿ ನಕ್ಕರು. ಮಣ್ಣಿನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಧ್ಯಕ್ಷೆ ಕೂಡ ತುಟಿ ಬಿಗಿಹಿಡಿದಿದ್ದು ಕಾಣುತ್ತಿತ್ತು. ಅರ್ಜಿ ಬೇಡವಾದವುಗಳ ರಾಶಿಗೆ ಸೇರಿತು. ಕಾಫಿ ವಿರಾಮದಲ್ಲಿ ಸುಳ್ಳುಸಾಕ್ಷಿಗಳ ಚರಿತ್ರೆ ಬರೆಯುತ್ತಿದ್ದವರು ಮೇಷ್ಟ್ರ ಪಕ್ಕ ಬಂದು ನಿಂತರು. ಅವರೂ ಸಮಿತಿಯವರೇ.

"ನಿಮ್ಮ ಮನೆಯವರೂ ಭಾಷಾಶಾಸ್ತ್ರ ಅಲ್ವಾ? ಅವರದ್ದು ಏನು ಕೆಲಸ?"

"ಸಂಬಂಧದ ಪದಗಳು," ಅಂದರು ಮೇಷ್ಟ್ರು, ಬಿಸ್ಕತ್ತು ಅದ್ದುತ್ತಾ. "ಚಿಕ್ಕಪ್ಪ, ದೊಡ್ಡಪ್ಪ, ಓರಗಿತ್ತಿ. ಯಾವ ಭಾಷೆಯಲ್ಲಿ ಷಡ್ಡಕನಿಗೆ ಪದ ಇದೆ, ಯಾವುದರಲ್ಲಿ ಇಲ್ಲ, ಇಲ್ಲದವರು ಅವನನ್ನ ಏನಂತ ಕರೀತಾರೆ, ಅಂಥದ್ದು."

"ಪರವಾಗಿಲ್ಲ, ಇಲಿ ಕರೆಯೋದಕ್ಕಿಂತ ಮೇಲು," ಅಂದರು ಚರಿತ್ರೆಯವರು. ಇಬ್ಬರೂ ನಕ್ಕರು.

ವಿರಾಮ ಮುಗಿದು ಕೂತಾಗ ಅಧ್ಯಕ್ಷೆಯ ಕೈಯಲ್ಲಿ ಅದೇ ಅರ್ಜಿಯಿತ್ತು. "ಕಾಫಿ ಕುಡೀತಾ ಇದರ ಹಿಂದಿನ ಪುಟ ತಿರುವಿ ಹಾಕ್ದೆ," ಅಂದರು. "ಕೊನೆಯಲ್ಲಿ ಒಂದು ಉದಾಹರಣೆ ಇದೆ. ಕೇಳಿ, ಚೆನ್ನಾಗಿದೆ." ಅವರು ನಿಧಾನವಾಗಿ ಓದಿದರು.

'ಮಾಹಿತಿದಾರ ಒಬ್ಬ ನಡುವಯಸ್ಸಿನ ವಿಜ್ಞಾನಿ. ಬೆಳಗ್ಗೆ ಹಿತ್ತಿಲ ಬಾಗಿಲಿನಲ್ಲಿ ನಿಂತು ಬೆಕ್ಕನ್ನು ಕರೆಯುತ್ತಾನೆ. ಮೊದಲು ಎಲ್ಲರೂ ಮಾಡುವ ತುಟಿಯ ಸದ್ದು. ಬೆಕ್ಕು ಬರದಿದ್ದರೆ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೂಗಿನಿಂದ ಹೊರಟು ಗಂಟಲಲ್ಲಿ ಇಳಿಯುವ ಒಂದು ನೀಳ ಸ್ವರ. ಇದು ಬೆಕ್ಕಿನ ಕರೆಯಲ್ಲ. ಅವನ ತಾಯಿ ಎಳೆಗರುವನ್ನು ಕರೆಯುತ್ತಿದ್ದ ಸ್ವರ. ಆಕೆ ಬದುಕಿದ್ದಾಗ ಇದನ್ನು ಧ್ವನಿಮುದ್ರಿಸಿದ್ದೇನೆ. ಎರಡೂ ಒಂದರ ಮೇಲೊಂದು ಕೂರುತ್ತವೆ. ಆಕೆಯ ಊರಿನ ಮಾತನ್ನು ಮಗ ಪೂರ್ತಿ ಮರೆತಿದ್ದಾನೆ, ಆ ಮನೆಯಲ್ಲಿ ದನಗಳಿಲ್ಲ, ಆದರೂ ಸ್ವರ ಉಳಿದಿದೆ. ತಾನು ಕರೆಯುವುದು ತಾಯಿಯ ಸ್ವರದಲ್ಲೆಂದು ಅವನಿಗೆ ತಿಳಿಯದು. ತಿಳಿದರೆ ನಿಲ್ಲಿಸಿಬಿಟ್ಟಾನೆಂದು ನಾನು ಹೇಳಿಲ್ಲ.'

ಮೇಷ್ಟ್ರಿಗೆ ಮೊದಲು ಬಿಸಿಯಾದದ್ದು ಕಿವಿ. ಆಮೇಲೆ ಕುತ್ತಿಗೆ, ಆಮೇಲೆ ಮುಖ. ಕಾಗದದ ಮೇಲೆ ಹೆಸರಿರಲಿಲ್ಲ, ಆದರೆ ಹಿತ್ತಿಲ ಬಾಗಿಲು ಅವರದು, ಬೆಕ್ಕು ಅವರದು, ಅಮ್ಮ ಅವರ ಅಮ್ಮ. ಅವರು ಬೆಳಗಿನ ಹೊತ್ತು ಬೆಕ್ಕಿನ ಮುಂದೆ ಮಗುವಾಗುತ್ತಿದ್ದಾಗ ಅಡುಗೆಮನೆಯ ಕತ್ತಲಲ್ಲಿ ಒಬ್ಬಳು ಸದ್ದಿಲ್ಲದೆ ನಿಂತು ಕೇಳುತ್ತಿದ್ದಳು. ಅಮ್ಮನ ದನಿಯನ್ನು ಎಲ್ಲೋ ಕಾಪಾಡಿಟ್ಟಿದ್ದಳು. ಅದನ್ನು ಅವರು ಇಲಿ ಅಂದಿದ್ದರು, ಹತ್ತು ಜನರ ಮುಂದೆ ಓದಿ ನಗಿಸಿದ್ದರು.

"ಇದು ಅಷ್ಟೇನೂ ಪೊಳ್ಳಲ್ಲ ಅನ್ಸುತ್ತೆ," ಅಂದರು ಚರಿತ್ರೆಯವರು.

"ನನಗೂ ಹಾಗನ್ನಿಸ್ತು," ಅಂದರು ಅಧ್ಯಕ್ಷೆ. ಮೇಷ್ಟ್ರ ಕಡೆ ತಿರುಗಿದರು. "ಮೊದಲ ಓದುಗರು ನೀವು. ಏನಂತೀರಿ? ಬೇರೆಯವರಿಗೆ ಒಂದ್ಸಲ ಕೊಡೋಣವಾ?"

ಹೂಂ ಅಂದಿದ್ದರೆ ಸಾಕಿತ್ತು. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ; ಕೇಳುವುದಿಲ್ಲವೆಂದು ಅಧ್ಯಕ್ಷೆ ಮೊದಲೇ ಮಾತು ಕೊಟ್ಟಿದ್ದರು. ಆದರೆ ಮೇಷ್ಟ್ರಿಗೆ ಆ ಗಳಿಗೆಯಲ್ಲಿ ಕಂಡದ್ದು ಚರಿತ್ರೆಯವರ ಮುಖ. ಸಂಬಂಧದ ಪದಗಳು ಎಂದು ಅವರಿಗೆ ಹೇಳಿ ಕಾಲು ಗಂಟೆಯೂ ಆಗಿರಲಿಲ್ಲ. ಈಗ ತಡವರಿಸಿದರೆ ಆ ಮನುಷ್ಯ, ಸುಳ್ಳು ಸಾಕ್ಷಿಗಳನ್ನು ಓದಿ ಓದಿ ಪಳಗಿದವನು, ಎರಡಕ್ಕೆ ಎರಡು ಕೂಡಿಸಿ ನಾಲ್ಕು ಅಂದುಬಿಡುತ್ತಾನೆ. ಕಟ್ಟಿಕೊಂಡ ಹೆಂಡತಿ ಏನು ಓದುತ್ತಿದ್ದಾಳೆಂದು ಗೊತ್ತಿಲ್ಲದ ಪ್ರೊಫೆಸರು ಎಂದು ಸಂಜೆಯೊಳಗೆ ಎಲ್ಲ ಅಂತಸ್ತಿಗೂ ಸುದ್ದಿ ಹತ್ತುತ್ತದೆ.

"ಬೇಡ," ಅಂದರು ಮೇಷ್ಟ್ರು. "ಒಂದು ಒಳ್ಳೆ ಉದಾಹರಣೆಯಿಂದ ಇಡೀ ಕೆಲಸ ಒಳ್ಳೇದಾಗಲ್ಲ. ನನ್ನ ಅಭಿಪ್ರಾಯ ಅದೇ."

ದನಿ ಗಟ್ಟಿಯಾಗಿಯೇ ಬಂತು. ಅಧ್ಯಕ್ಷೆ ತಲೆಯಾಡಿಸಿ ಅರ್ಜಿಯನ್ನು ರಾಶಿಗೆ ಹಾಕಿದರು. ಆ ವರ್ಷದ ಬಿಡುವು ಜೇನಿನ ನಿದ್ದೆಗೆ ಹೋಯಿತು.

ಮರುದಿನ ಬೆಳಗ್ಗೆ ಮೇಷ್ಟ್ರು ಹಿತ್ತಿಲ ಬಾಗಿಲಿಗೆ ಹೋಗಿ ನಿಂತರು. ತುಟಿ ಮುಂದೆ ಮಾಡಿದರು, ಸದ್ದು ಬರಲಿಲ್ಲ. ಅಡುಗೆಮನೆಯ ಕಡೆ ನೋಡಿದರು. ಅಲ್ಲಿ ಯಾರೋ ಇದ್ದಂತೆ ಇಲ್ಲದಂತೆ. ಬೆಕ್ಕು ಗೋಡೆಯ ಮೇಲೆ ಕೂತು ಅವರನ್ನೇ ನೋಡುತ್ತಿತ್ತು. ಹಾಲಿನ ಬಟ್ಟಲನ್ನು ಮಾತಿಲ್ಲದೆ ನೆಲಕ್ಕಿಟ್ಟು ಒಳಗೆ ಬಂದರು. ನಾಚಿಕೆ ಎಂದರೆ ಮುಖ ಕೆಂಪಾಗಿ ಹೋಗುವಂಥದ್ದು ಎಂದು ಅವರು ತಿಳಿದಿದ್ದರು. ಇದು ಹೋಗುವ ಜಾತಿಯದ್ದಾಗಿರಲಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಪಕ್ಕ ಕೂರುತ್ತಿತ್ತು, ಮಲಗಿದರೆ ದಿಂಬಿನ ಮೇಲೆ ಮೊದಲೇ ಜಾಗ ಹಿಡಿದಿರುತ್ತಿತ್ತು.

ಕಚೇರಿಯವರು ಫಲಿತಾಂಶದ ಜೊತೆ ಓದುಗರ ಅಭಿಪ್ರಾಯವನ್ನೂ, ಹೆಸರಿಲ್ಲದೆ, ಅರ್ಜಿದಾರರಿಗೆ ಕಳಿಸಿದರು. ಆ ದಿನ ಹೆಂಡತಿ ತಲೆನೋವೆಂದು ಬೇಗ ಬಂದು ಬಾಗಿಲು ಹಾಕಿಕೊಂಡಳು. ಮರುದಿನ ಅವಳ ಮಾತು ಕಡಿಮೆಯಿತ್ತು. ಮೇಷ್ಟ್ರು ಎದುರಿಗೆ ಕೂತು ಪೇಪರು ಹಿಡಿದುಕೊಂಡಿದ್ದರು, ಅಕ್ಷರಗಳು ಇರುವೆಗಳಂತೆ ಓಡಾಡುತ್ತಿದ್ದವು. ಕೇಳಲಾ ಅಂದುಕೊಂಡರು. ಏನೆಂದು ಕೇಳುವುದು? ಅವಳು ಅರ್ಜಿ ಹಾಕಿದ್ದೇ ಅವರಿಗೆ ಗೊತ್ತಿಲ್ಲವಲ್ಲ, ಲೆಕ್ಕಕ್ಕೆ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಾವ ಇದ್ದಕ್ಕಿದ್ದಂತೆ ಅಳಿಯನ ಬೆನ್ನು ತಟ್ಟಿದರು. ಮಾವನಿಗೆ ಕಿವಿ ಮಂದ, ಹಾಗಾಗಿ ತಾವು ಮಾತಾಡುವಾಗ ಇಡೀ ಬೀದಿಗೆ ಪಾಠ ಹೇಳುವ ದನಿ.

"ಮಗಳು ಎಲ್ಲಾ ಹೇಳಿದ್ಲಪ್ಪ. ಅಳಿಯ ಅಂದ್ರೆ ಹೀಗಿರಬೇಕು. ಹೆಂಡ್ತಿ ಅಂತ ಮುಖ ನೋಡ್ಲಿಲ್ಲ. ನಾನು ಮೂವತ್ತು ವರ್ಷ ಪೇಪರು ತಿದ್ದಿದ್ದೀನಿ, ನನ್ನ ಮಗಳ ಪೇಪರು ಬಂದಾಗ ಒಂದು ಮಾರ್ಕು ಕೈಯಿಂದ ಜಾರಿಸಿದ್ದೆ. ನೀನು ಜಾರಿಸಲಿಲ್ಲ."

ಮೇಷ್ಟ್ರ ಕೈಯ ತುತ್ತು ಕೈಯಲ್ಲೇ ಉಳಿಯಿತು. ಹೆಂಡತಿಯ ಕಡೆ ನೋಡಿದರು. ಅವಳು ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ಅದೇ ಅವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಮೊದಲ ಸಾಲಲ್ಲೇ ಗೊತ್ತಾಯ್ತು, ನೀನೇ ಅಂತ," ಅಂದಳು. "ಬೆಟ್ಟ, ಇಲಿ. ಇನ್ಯಾರು ಬರೀತಾರೆ? ಎರಡು ದಿನ ನಿನ್ನ ಮುಖ ನೋಡೋಕೂ ಆಗ್ಲಿಲ್ಲ. ಆಮೇಲೆ ಯೋಚನೆ ಮಾಡ್ದೆ. ಗುರುತು ಸಿಕ್ರೂ ಸಿಗದ ಹಾಗೆ ಓದ್ಬೇಕು ಅನ್ನೋದು ಸಮಿತಿ ಕಟ್ಟಳೆ, ಎಲ್ಲರಿಗೂ ಗೊತ್ತಿರೋದೇ. ನಿನಗೆ ಎಷ್ಟು ಕಷ್ಟ ಆಗಿರ್ಬೇಕು. ನೀನು ಹೊಗಳಿದ್ದಿದ್ರೆ ಅದು ಕೆಲಸಕ್ಕೋ ನನಗೋ ಅಂತ ಜೀವಮಾನ ಪೂರ್ತಿ ಅನುಮಾನ ಇರ್ತಿತ್ತು. ನನ್ನನ್ನ ಬೇರೆ ಯಾರನ್ನೋ ನೋಡಿದ ಹಾಗೆ ನೋಡ್ದೆ. ಅದು ದೊಡ್ಡ ಮರ್ಯಾದೆ."

ಮೇಷ್ಟ್ರು ತಲೆ ತಗ್ಗಿಸಿ ಊಟ ಮಾಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಮ್ಮದಲ್ಲದ ನಿಯತ್ತನ್ನು ತಂದು ತಲೆಯ ಮೇಲಿಟ್ಟು ನಮಸ್ಕಾರ ಮಾಡುತ್ತಿದ್ದರೆ ಏನು ಮಾಡುವುದು? ಒಂದು ಕ್ಷಣ, ನಿಜ ಹೇಳಬೇಕೆಂದರೆ ಒಂದು ಕ್ಷಣಕ್ಕಿಂತ ಹೆಚ್ಚೇ, ಹೀಗೇ ಇದ್ದುಬಿಡಲಿ ಎಂದು ಅವರಿಗೆ ಅನ್ನಿಸಿತು. ಯಾರಿಗೆ ನಷ್ಟ? ಅವಳಿಗೂ ಸಮಾಧಾನ, ಮಾವನಿಗೂ ಹೆಮ್ಮೆ. ಹೆಂಡತಿಯ ಕಣ್ಣಲ್ಲಿ ತಾವು ಇಷ್ಟು ಎತ್ತರ ಇದ್ದದ್ದು ಮದುವೆಯಾದಾಗಿನಿಂದ ಅವರಿಗೆ ನೆನಪಿರಲಿಲ್ಲ.

ಊಟವಾದ ಮೇಲೆ ಅವಳು ಕರೆದಳು. "ಸ್ವಲ್ಪ ಬರ್ತೀಯಾ? ಇವನ್ನ ಮೇಲೆ ಇಡ್ಬೇಕು, ನನಗೆ ಎಟುಕಲ್ಲ."

ಅವಳ ಓದುವ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ಹಳೆಯ ಕ್ಯಾಸೆಟ್ಟು, ಹೊಸ ಡಿಸ್ಕು, ಚೀಟಿ ಅಂಟಿಸಿದ ಕವರುಗಳು. ಒಂದೊಂದರ ಮೇಲೂ ದಪ್ಪ ಪೆನ್ನಿನ ಬರಹ: ಕೋಳಿ, ಬಾತು, ಹೊಳೆಯಾಚೆಯ ಎತ್ತಿನವರು, ಕುರಿ ಅಜ್ಜ. ಮೇಷ್ಟ್ರು ಸ್ಟೂಲು ಹತ್ತಿ ಮೊದಲ ಪೆಟ್ಟಿಗೆಯನ್ನು ಅಟ್ಟದ ಮೇಲೆ ಸರಿಸಿದರು. ಧೂಳು ಮೂಗಿಗೆ ಬಂತು.

"ಮೇಲೆ ಯಾಕೆ? ನಿನಗೆ ದಿನಾ ಬೇಕಾಗಲ್ವಾ?"

"ಇನ್ನು ಬೇಡ," ಅಂದಳು ಎರಡನೆಯದನ್ನು ಎತ್ತಿ ಕೊಡುತ್ತಾ. "ನಾಳೆಯಿಂದ ನಿಘಂಟಿನ ಕೆಲಸಕ್ಕೆ ಸೇರ್ತೀನಿ ಅಂತ ಹೇಳ್ಬಿಟ್ಟೆ. ಅವರು ಕೇಳ್ತಾನೇ ಇದ್ರು."

"ಒಂದು ಅರ್ಜಿ ಹೋಯ್ತು ಅಂತ ಬಿಟ್ಬಿಡ್ತೀಯಾ?"

"ಅರ್ಜಿ ಹೋಗಿದ್ದಕ್ಕಲ್ಲ. ಸಮಿತಿಯವರು ಬೇಡ ಅಂದಿದ್ರೆ ಅವರಿಗೇನು ಗೊತ್ತು ಅಂತ ಮುಂದಿನ ವರ್ಷ ಮತ್ತೆ ಹಾಕ್ತಿದ್ದೆ. ಆದ್ರೆ ನೀನು. ಶುರುವಾದ ದಿನದಿಂದ ನಿನ್ನ ಹತ್ರ ಒಂದೊಂದಾಗಿ ಹೇಳಿದ್ದೀನಿ. ನನ್ನ ಬಿಟ್ರೆ ಇದು ಒಳಗೂ ಹೊರಗೂ ಗೊತ್ತಿರೋದು ನಿನಗೊಬ್ಬನಿಗೇ. ಅಷ್ಟೆಲ್ಲಾ ಗೊತ್ತಿರೋ ನೀನೇ ಇದರಲ್ಲಿ ಏನೂ ಇಲ್ಲ ಅಂದ ಮೇಲೆ, ಏನೂ ಇಲ್ಲ ಅಂತಾನೇ ಅರ್ಥ."

ಮೇಷ್ಟ್ರು ಸ್ಟೂಲಿನ ಮೇಲೆ ನಿಂತೇ ಇದ್ದರು. ಕೈಯಲ್ಲಿದ್ದ ಪೆಟ್ಟಿಗೆಯನ್ನು ಮೇಲಿಡಲೂ ಆಗಲಿಲ್ಲ, ಕೆಳಗಿಳಿಸಲೂ ಆಗಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು, ಅವಳ ಅಷ್ಟು ವರ್ಷದ ಕೆಲಸ ಅಟ್ಟ ಸೇರುತ್ತಿತ್ತು.

"ಅದು ನಿನ್ನದು ಅಂತ ನನಗೆ ಗೊತ್ತಿರಲಿಲ್ಲ," ಅಂದರು.

"ಹೆಸರು ಹಾಕೋ ಹಾಗಿಲ್ಲ ಅಂತ ನನಗೂ ಗೊತ್ತು."

"ಹೆಸರಿನ ಮಾತಲ್ಲ. ಓದಿದೆ. ಗೊತ್ತಾಗಲಿಲ್ಲ. ನೀನು ಇನ್ನೂ ಸಂಬಂಧದ ಪದಗಳ ಮೇಲೇ ಕೆಲಸ ಮಾಡ್ತಿದ್ದೀಯ ಅಂದ್ಕೊಂಡಿದ್ದೆ."

ಅವಳು ಇನ್ನೊಂದು ಪೆಟ್ಟಿಗೆ ಎತ್ತಲು ಬಗ್ಗಿದ್ದವಳು ಹಾಗೇ ನಿಂತಳು. "ಅದು ನಾನು ಮದುವೆಗೆ ಮುಂಚೆ ಬರೆದ ಪ್ರಬಂಧ," ಅಂದಳು.

"ಹೌದು."

"ಮತ್ತೆ ಇಷ್ಟು ವರ್ಷ ನಾನು ಹಳ್ಳಿ ಹಳ್ಳಿ ತಿರುಗಿದ್ದು?"

"ನಿನಗೆ ತಿರುಗಾಟ ಇಷ್ಟ ಅಂತ..." ಮೇಷ್ಟ್ರ ಮಾತು ಅಲ್ಲಿಗೆ ನಿಂತಿತು. ಹೇಳುತ್ತಾ ಹೇಳುತ್ತಾ ತಮಗೇ ಅದು ಎಷ್ಟು ಅಸಹ್ಯವಾಗಿ ಕೇಳಿಸಿತೆಂದರೆ, ಕೆಳಗಿಳಿದು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಗೋಡೆ ನೋಡಿಕೊಂಡು ಮಿಕ್ಕದ್ದನ್ನು ಹೇಳಿದರು. "ಒಂದು ಪುಟ ಓದಿ ಮಿಕ್ಕದ್ದನ್ನ ಸರಿಸ್ದೆ. ಜೋಕು ಹೊಳೀತು, ಬರೆದ್ಬಿಟ್ಟೆ. ಆಮೇಲೆ ಅಧ್ಯಕ್ಷೆ ಬೆಕ್ಕಿನ ಭಾಗ ಓದಿದ್ರು. ಆಗ ಗೊತ್ತಾಯ್ತು."

"ಆಗ?"

"ಬೇರೆಯವರಿಗೆ ಕೊಡೋಣವಾ ಅಂತ ನನ್ನನ್ನೇ ಕೇಳಿದ್ರು."

"ನೀನು ಏನಂದೆ?"

"ಬೇಡ ಅಂದೆ. ನನಗೆ ಗೊತ್ತಿರಲಿಲ್ಲ ಅನ್ನೋದು ಅವರಿಗೆ ಗೊತ್ತಾಗಿಬಿಡುತ್ತೆ ಅಂತ."

 ಅವಳ ಮುಖದಲ್ಲಿ ಮೊದಲು ಮೂಡಿದ್ದು ಸಿಟ್ಟಲ್ಲ, ದುಃಖವೂ ಅಲ್ಲ. ಹೊರೆ ಇಳಿಸಿದವರ ಮುಖದ ನಿರಾಳ. ಮೇಷ್ಟ್ರು ಅದನ್ನು ನೋಡಿಯೇ ನೋಡಿದರು, ಒಳಗೊಳಗೇ ಕುಸಿದರು.

"ಹಾಗಾದ್ರೆ ಕೆಲಸದಲ್ಲಿ ಏನೂ ಐಬಿಲ್ಲ," ಅಂದಳು ತನಗೆ ತಾನೇ ಹೇಳಿಕೊಳ್ಳುವಂತೆ. "ಅದನ್ನ ಯಾರೂ ಓದೇ ಇಲ್ಲ." ಆಮೇಲೆ ಅಟ್ಟದ ಕಡೆ ಕೈ ತೋರಿಸಿದಳು. "ಅದನ್ನೂ ಇಳಿಸು."

ಮೇಷ್ಟ್ರು ಸೋಮವಾರ ಖಗೋಳದ ಅಂತಸ್ತು ಹತ್ತಿ ಅಧ್ಯಕ್ಷೆಯ ಮುಂದೆಯೂ ಎಲ್ಲವನ್ನೂ ಒಪ್ಪಿಸಿದರು. ಜೇನಿನವರಿಗೆ ಕೊಟ್ಟ ವರ್ಷವನ್ನು ಕಿತ್ತುಕೊಳ್ಳಲು ಬರುವುದಿಲ್ಲ, ಮುಂದಿನ ಸುತ್ತಿಗೆ ಬೇರೆ ಓದುಗರನ್ನು ಹಾಕಿಸುತ್ತೇನೆ ಎಂದರು ಅಧ್ಯಕ್ಷೆ. ಬೇರೇನೂ ಅನ್ನಲಿಲ್ಲ. ಆದರೂ ಸುದ್ದಿ ಹೇಗೋ ಮೆಟ್ಟಿಲು ಇಳಿಯಿತು. ಲಿಫ್ಟಿನಲ್ಲಿ ಮೇಷ್ಟ್ರು ಕಾಲಿಟ್ಟರೆ ಜನ ಮಾತು ನಿಲ್ಲಿಸುತ್ತಿದ್ದರು. ಅದರ ಕಾರಣ ಹುಡುಕಲು ಸಂಶೋಧನೆ ಬೇಕಿರಲಿಲ್ಲ. ಅವರು ಹೆದರಿದ್ದ ಆ ನಗೆಪಾಟಲು ಬಂದು ನೋಡಿದರೆ ಬಹಳ ಸಣ್ಣದಾಗಿತ್ತು.

ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅವಳು ನಿಘಂಟಿನವರಿಗೆ ಆಗುವುದಿಲ್ಲ ಅಂದಳು, ಪೆಟ್ಟಿಗೆಗಳನ್ನು ಮತ್ತೆ ಮೇಜಿನ ಸುತ್ತ 
ಜೋಡಿಸಿಕೊಂಡಳು. ಸಂಜೆ ಬಾಗಿಲಿನಾಚೆಯಿಂದ ಯಾರದೋ ಮುದಿ ದನಿ ಯಾವುದೋ ಪ್ರಾಣಿಯನ್ನು ಕರೆಯುವುದು ಕೇಳಿಸುತ್ತಿತ್ತು. ಊಟಕ್ಕೆ ಕೂತಾಗ ಮನೆಯ ಮಾತು, ಅಪ್ಪನ ಔಷಧಿಯ ಮಾತು, ನಲ್ಲಿ ರಿಪೇರಿಯ ಮಾತು ಆಡುತ್ತಿದ್ದಳು. ಕೆಲಸದ ಮಾತು ಮಾತ್ರ ಇರಲಿಲ್ಲ.

ಒಂದು ರಾತ್ರಿ ಮೇಷ್ಟ್ರು ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ದಿನವಿಡೀ ಲ್ಯಾಬಿನಲ್ಲಿ ಕೂತು ಹೇಗೆ ಕೇಳುವುದೆಂದು ಯೋಚಿಸಿಕೊಂಡು ಬಂದಿದ್ದರು.

"ಆ ಕುರಿ ಅಜ್ಜನ ಹತ್ರ ಇನ್ನೂ ಹೋಗ್ತಿದ್ದೀಯಾ?" ಎಂದು ಕೇಳಿದರು. "ಮುಂದಿನ ಸಲ ನಾನೂ ಬರ್ಲಾ?"

ಅವಳು ಬಾಯಲ್ಲಿದ್ದದ್ದನ್ನು ನುಂಗಿ ನೀರು ಕುಡಿದಳು.

"ಅಜ್ಜ ಹೋದ ವರ್ಷ ತೀರಿಕೊಂಡ್ರು," ಅಂದಳು. "ಇಲ್ಲೇ ಕೂತು ಅಳ್ತಾ ಹೇಳಿದ್ದೆ. ಉಪ್ಪು ಈ ಕಡೆ ಕೊಡು ಅಂದೆ ನೀನು. ಕೊಟ್ಟೆ."